ಕಂಡಕ್ಟರ್ ತಾತ ನೆರಳಿಗೆ ಸೇರಿಸಿದ ಏಳು ಜನ

ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಜನರನ್ನು ಒತ್ತರಿಸಿ ನಿಲ್ಲಿಸಿದ ಕೈ ಸುಮ್ಮನಿರುತ್ತದೆಯೇ? ನಿವೃತ್ತಿಯಾಗಿ ಆರು ವರ್ಷ ಕಳೆದಿದ್ದರೂ ಎಲ್ಲಾದರೂ ನಾಲ್ಕು ಜನ ಚೆದುರಿ ನಿಂತದ್ದು ಕಂಡರೆ ಕಂಡಕ್ಟರ್ ತಾತನಿಗೆ ಜೀವ ತಡೆಯುತ್ತಿರಲಿಲ್ಲ. ದಿನಸಿ ಅಂಗಡಿಯ ಮುಂದಾಗಲಿ, ಬ್ಯಾಂಕಿನ ಕಿಟಕಿಯ ಮುಂದಾಗಲಿ, "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದು ಎಲ್ಲರನ್ನೂ ಒತ್ತಿ ಜೋಡಿಸಿದರೇ ಅವನಿಗೆ ಸಮಾಧಾನ. ಜನವೂ ಗೊಣಗುತ್ತಲೇ ಮುಂದೆ ಹೋಗುತ್ತಿತ್ತು.

ಮೊಮ್ಮಗಳಿಗೆ ಅವನಿಟ್ಟ ಹೆಸರು ಚೆಕಿಂಗಮ್ಮ. ನಡುದಾರಿಯಲ್ಲಿ ಬಸ್ಸು ಹತ್ತಿ ತಪಾಸಣೆ ಮಾಡುತ್ತಿದ್ದ ಮೇಲಿನವರಿಗಿಂತ ಈ ನಾಲ್ಕೂವರೆ ವರ್ಷದವಳ ಕಾಟ ಹೆಚ್ಚು. ತಾತ ಮಾತ್ರೆ ನುಂಗಿದೆಯಾ, ಚಿಲಕ ಹಾಕಿದೆಯಾ, ಸುಳ್ಳು ಹೇಳ್ತಿಲ್ಲ ತಾನೇ, ಎಂದು ಬೆನ್ನು ಬಿಡುತ್ತಿರಲಿಲ್ಲ. ಅಂಥವಳು ಮೂರು ದಿನದಿಂದ ಒಂದು ಪ್ರಶ್ನೆಯನ್ನೂ ಕೇಳದೆ ಮಲಗಿದ್ದಳು. ಜ್ವರ, ಕೆಮ್ಮು, ಕೆಂಪಗಾದ ಕಣ್ಣು. ನಾಲ್ಕನೆಯ ದಿನ ಕಿವಿಯ ಹಿಂದೆ ಕೆಂಪು ಗುಳ್ಳೆಗಳು. ಊರಿಗೆ ಊರೇ ದಡಾರದ ಮಾತಾಡುತ್ತಿದ್ದ ದಿನಗಳವು.

ಮಗ ಲಾರಿಯ ಮೇಲೆ ದೂರ ಹೋಗಿದ್ದ. ಸೊಸೆಗೆ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಅಂದು ರಜೆ ಸಿಗಲಿಲ್ಲ. ಬೆಳಿಗ್ಗೆಯೇ ಅವಳು ಮಕ್ಕಳ ಕ್ಲಿನಿಕ್ಕಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನೆಲ್ಲ ಮಾವನಿಗೆ ಒಪ್ಪಿಸಿದಳು. ಮುಂದಿನ ಬಾಗಿಲಿಗೆ ಹೋಗಬಾರದು, ಮಾಸ್ಕ್ ತೆಗೆಯಬಾರದು, ಹಿಂದಿನ ಗೇಟಿನ ಬಳಿ ನಿಂತು ಫೋನ್ ಮಾಡಬೇಕು, ಸಿಸ್ಟರ್ ಬಂದು ಕರೆಯುವ ತನಕ ಯಾರ ಹತ್ತಿರಕ್ಕೂ ಸುಳಿಯಬಾರದು. ಇಷ್ಟನ್ನೂ ಮಾವನ ಬಾಯಲ್ಲಿ ಒಮ್ಮೆ ಹೇಳಿಸಿಯೂ ನೋಡಿದಳು. ತಾತ ತನ್ನ ಹಳೆಯ ರೂಟಿನ ನಿಲ್ದಾಣಗಳನ್ನು ಹೇಳುವಂತೆ ಒಂದೂ ತಪ್ಪಿಲ್ಲದೆ ಹೇಳಿದ. ಹೇಳುವುದಕ್ಕೆ ಅವನಿಗೆ ಯಾವತ್ತೂ ಕಷ್ಟವಿರಲಿಲ್ಲ.

ಕ್ಲಿನಿಕ್ಕಿಗೆ ಎರಡೇ ಬೀದಿ. ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಗೇಟಿಗೆ ಹೋಗಿ ಫೋನ್ ಮಾಡಿದ. ಒಳಗೆ ಇನ್ನೊಂದು ಮಗುವಿದೆ, ರೂಮು ಖಾಲಿಯಾಗಲು ಹತ್ತು ನಿಮಿಷ ಬೇಕು, ಅಲ್ಲೇ ನಿಂತಿರಿ ಎಂದರು. ತಾತ ನಿಂತ. ನಿಂತವನ ಕಣ್ಣು ಕ್ಲಿನಿಕ್ಕಿನ ಪಕ್ಕದ ಅಂಗಳದ ಮೇಲೆ ಬಿತ್ತು. ಅಲ್ಲಿ ನೆಲದ ಮೇಲೆ ದೂರ ದೂರಕ್ಕೆ ಹಳದಿ ಬಣ್ಣದ ವೃತ್ತ ಬರೆದು, ಸರದಿಗೆ ಕಾಯುವವರನ್ನು ಒಂದೊಂದರಲ್ಲಿ ಒಂದೊಂದು ಮನೆಯವರಂತೆ ನಿಲ್ಲಿಸಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ಒಬ್ಬಳು ತಾಯಿ ಕೈಗೂಸಿನ ತಲೆಗೆ ತನ್ನ ಚೀಲವನ್ನು ಅಡ್ಡ ಹಿಡಿದಿದ್ದಳು. ಪಕ್ಕದಲ್ಲೇ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ. ಅದರ ಕೆಳಗೆ ತಂಪಾದ ನೆರಳು, ಉದ್ದನೆಯ ಬೆಂಚು, ಒಂದು ನರಪಿಳ್ಳೆಯೂ ಇಲ್ಲ.

"ತಾತ, ಇಲ್ಲೇ ಇರ್ಬೇಕು ಅಂತ ಅಮ್ಮ ಹೇಳಿದ್ಲು," ಎಂದಳು ಚೆಕಿಂಗಮ್ಮ, ಹೆಗಲ ಮೇಲಿಂದ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ.

"ಅದು ಒಳಗೆ ಹೋಗ್ಬಾರ್ದು ಅಂತ ಪುಟ್ಟಾ. ನೆರಳಿಗೆ ಏನು?" ಎಂದ ತಾತ.

ಐದು ನಿಮಿಷದಲ್ಲಿ, ಕೈಗೂಸನ್ನು ಲೆಕ್ಕಕ್ಕೆ ಹಿಡಿಯದೆ, ಏಳು ಜನ ಚಪ್ಪರದ ಕೆಳಗಿದ್ದರು. ಸಂಕೋಚಪಟ್ಟವರನ್ನು ಅವನು ಗದರಿದ, ಗದರಿಕೆಗೆ ಬಗ್ಗದವರನ್ನು ಪುಸಲಾಯಿಸಿದ. ಕೈಗೂಸಿನ ತಾಯಿಗೆ ಎಲ್ಲರನ್ನೂ ಸರಿಸಿ ತನ್ನ ಪಕ್ಕದಲ್ಲೇ ಜಾಗ ಮಾಡಿಕೊಟ್ಟ. ಎಲ್ಲಿಂದ ಬಂದಿರಮ್ಮ ಎಂದು ಕೇಳಿದ. ನೀರಿನ ಟ್ಯಾಂಕಿನ ಹಿಂದಿನ ಮನೆ, ಮಗುವಿಗೆ ಏಳು ತಿಂಗಳು, ತೂಕ ನೋಡಿಸಲು ಬಂದದ್ದು ಎಂದಳು. ಕೂಸನ್ನು ಕಂಡದ್ದೇ ಚೆಕಿಂಗಮ್ಮನಿಗೆ ಮೂರು ದಿನದಲ್ಲಿ ಮೊದಲ ಸಲ ಗೆಲುವು ಬಂತು. ಮುಖ ತೋರಿಸಿ ನಗಿಸಲು ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು, ಕೂಸು ನಕ್ಕಿತು, ಇವಳು ಕೆಮ್ಮಿದಳು. ಮೊಮ್ಮಗಳು ನಕ್ಕಳಲ್ಲ ಎಂಬ ಸಂತೋಷದಲ್ಲಿ ತಾತನಿಗೆ ಬೇರೇನೂ ಹೊಳೆಯಲಿಲ್ಲ.

ಹಿಂದಿನ ಬಾಗಿಲು ತೆರೆದು ಬಂದ ಸಿಸ್ಟರ್ ಕೂಗಾಡಲಿಲ್ಲ. ಚಪ್ಪರವನ್ನು ನೋಡಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು, ಅಷ್ಟೇ. ತಾತನನ್ನೂ ಮೊಮ್ಮಗಳನ್ನೂ ಒಳಗೆ ಕರೆದುಕೊಂಡಳು.

ಡಾಕ್ಟರಮ್ಮ ಮಗುವಿನ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ಕೆನ್ನೆಯ ಒಳಗೆ ಬಿಳಿ ಚುಕ್ಕೆಗಳಿದ್ದವು. ಪರೀಕ್ಷೆಗೆ ಕಳಿಸುತ್ತೇನೆ, ಆದರೆ ದಡಾರವೆಂದೇ ನಡೆಯೋಣ ಎಂದರು. ಒಂದು ಲಸಿಕೆ ಬಿದ್ದಿರುವುದರಿಂದ ಇವಳಿಗೆ ಅಷ್ಟು ಜೋರಾಗಿಲ್ಲ, ಎರಡನೆಯದನ್ನು ನೆಗಡಿಯೆಂದು ಮುಂದೂಡಿ ಮರೆಯಬಾರದಿತ್ತು ಎಂದೂ ಹೇಳಿದರು. ಆಮೇಲೆ ತಾತನ ಕಡೆ ತಿರುಗಿದರು.

"ಇವಳ ಹತ್ತಿರ ಯಾರ್ಯಾರು ಕೂತಿದ್ರು?"

ಅಂಗಳದಲ್ಲಿ ಈಗ ಆರೇ ಜನ ಇದ್ದಾರೆ ಎಂದಳು ಸಿಸ್ಟರ್. ಆ ಆರು ಜನರ ಲೆಕ್ಕ ಅವಳಿಗೆ ಸಿಗುತ್ತಿತ್ತು. ಏಳನೆಯವಳು ಸಿಸ್ಟರ್ ಬರುವ ಮುಂಚೆಯೇ, ಹೆಸರನ್ನೂ ಬರೆಸದೆ, ಕೂಸು ನಿದ್ದೆ ಹೋಯಿತೆಂದು ಎದ್ದು ಹೋಗಿದ್ದಳು. ಅವಳು ಎಲ್ಲಿಯವಳೆಂದು ಕೇಳಿ ತಿಳಿದಿದ್ದವನು ತಾತನೊಬ್ಬನೇ. ಆರು ಜನ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು, ಅವನ ಮಾನವೂ ಅಷ್ಟೋ ಇಷ್ಟೋ ಉಳಿಯುತ್ತಿತ್ತು. ಆ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಬಸ್ಸು ಹತ್ತಿದವರ ಲೆಕ್ಕದಲ್ಲಿ ಒಂದು ತಲೆ ಬಿಟ್ಟು ಗೊತ್ತಿದ್ದವನಲ್ಲ.

"ಏಳು ಜನ ಡಾಕ್ಟ್ರೇ. ನಾನೇ ಕರ್ದು ಕೂರಿಸಿದ್ದು. ಇನ್ನೊಬ್ಳು ಹೋಗ್ಬಿಟ್ಳು. ಏಳು ತಿಂಗಳ ಕೂಸು, ನಮ್ಮ ಮಗು ಅದರ ಮುಖದ ಮೇಲೇ ಕೆಮ್ಮಿತು."

ಡಾಕ್ಟರಮ್ಮ ಬೈಯಲಿಲ್ಲ. ಅಷ್ಟು ಚಿಕ್ಕ ಮಗುವಿಗೆ ಇನ್ನೂ ಲಸಿಕೆಯ ಸಮಯವೇ ಬಂದಿರುವುದಿಲ್ಲ, ಆದರೆ ಮೂರು ದಿನದೊಳಗೆ ಹಾಕಿದರೆ ಕಾಯಿಲೆ ತಪ್ಪಿಸುವ ಅವಕಾಶವಿದೆ, ಅವಳನ್ನು ಹುಡುಕಬೇಕು ಎಂದರು. ತಾತ ನೀರಿನ ಟ್ಯಾಂಕು, ಹಿಂದಿನ ಮನೆ, ಅವಳ ಕೈಯಲ್ಲಿದ್ದ ನೀಲಿ ಚೀಲ, ಎಡಹುಬ್ಬಿನ ಮೇಲಿನ ಮಚ್ಚೆ ಎಲ್ಲವನ್ನೂ ಹೇಳಿದ. ಸಿಸ್ಟರ್ ಆಗಲೇ ಸ್ಕೂಟರಿನ ಕೀಲಿ ತೆಗೆದುಕೊಂಡಿದ್ದಳು.

ಮನೆಗೆ ಬಂದು ಸೊಸೆಗೆ ಫೋನ್ ಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದ.

"ಮಾವ, ನಿಮ್ಮ ಬಾಯಲ್ಲೇ ಹೇಳಿಸಿದ್ನಲ್ಲ," ಎಂದಳು ಅವಳು, ಯಂತ್ರಗಳ ಸದ್ದಿನ ನಡುವೆ. ಆಮೇಲೆ, "ನೀವು ಊಟ ಮಾಡಿದ್ರಾ?" ಎಂದಳು.

ಬೈದಿದ್ದರೆ ತಾತ ತಡೆದುಕೊಳ್ಳುತ್ತಿದ್ದ. ಊಟ ಕೇಳಿದ್ದಕ್ಕೆ ಮುದುಕನ ಕಣ್ಣಲ್ಲಿ ನೀರು ಬಂತು.

ಸಂಜೆಯೊಳಗೆ ಕೂಸಿಗೆ ಲಸಿಕೆ ಬಿತ್ತು. ತಾತನ ನಂಬರನ್ನು ಸಿಸ್ಟರಿನಿಂದ ಇಸಿದುಕೊಂಡು ಆ ತಾಯಿಯೇ ಫೋನ್ ಮಾಡಿದಳು, ಹಿಡಿದು ಜಾಡಿಸಿದಳು. ನನ್ನ ಪಾಡಿಗೆ ಬಿಸಿಲಲ್ಲಿ ನಿಂತಿದ್ದವಳನ್ನು ಕರೆಯಲು ನೀವು ಯಾರು, ಎಂದಳು. ಅವಳು ದಣಿದು ನಿಲ್ಲಿಸಿದಾಗ ತಾತ, ಇಪ್ಪತ್ತೊಂದು ದಿನ ಕಾದು ನೋಡಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ, ಅಷ್ಟು ದಿನ ಬೆಳಿಗ್ಗೆ ಎಂಟಕ್ಕೆ ಒಂದು ಫೋನ್ ಮಾಡಲೇ ಎಂದು ಕೇಳಿದ. ಅವಳು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಮೊದಲ ವಾರ ಅವಳ ಉತ್ತರ ಒಂದೇ ಮಾತು: ಜ್ವರ ಇಲ್ಲ. ಇಟ್ಟುಬಿಡುತ್ತಿದ್ದಳು. ಅಷ್ಟರಲ್ಲಿ ಚೆಕಿಂಗಮ್ಮನ ಗುಳ್ಳೆಗಳು ಬಾಡಿ, ಪ್ರಶ್ನೆಗಳು ಮರಳಿದವು. ಪಾಪು ಹೇಗಿದೆ ಕೇಳಿದೆಯಾ ಎಂಬುದು ದಿನದ ಮೊದಲ ಪ್ರಶ್ನೆಯಾಯಿತು. ಎರಡನೆಯ ವಾರ ಒಂದು ಬೆಳಿಗ್ಗೆ ಕೂಸಿನ ಮೈ ಬೆಚ್ಚಗಿದೆ ಎಂದಳು ತಾಯಿ. ಅಂದು ತಾತ ಅನ್ನ ಮುಟ್ಟಲಿಲ್ಲ. ಮಧ್ಯಾಹ್ನ ಅವಳೇ ಫೋನ್ ಮಾಡಿ ಹಲ್ಲು ಬರುತ್ತಿದೆಯಂತೆ, ಬೇರೇನೂ ಅಲ್ಲವಂತೆ ಎಂದಳು. ಅಲ್ಲಿಂದಾಚೆಗೆ ಮಾತು ಸ್ವಲ್ಪ ಉದ್ದವಾಯಿತು. ಒಮ್ಮೊಮ್ಮೆ ಅವಳು ಕೆಲಸದಲ್ಲಿದ್ದರೆ ಫೋನನ್ನು ಮಗುವಿನ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು, ತಾತ ಅದಕ್ಕೇ ಊರ ಕಥೆಯೆಲ್ಲ ಹೇಳುತ್ತಿದ್ದ.

ಇಪ್ಪತ್ತೊಂದನೆಯ ದಿನವೂ ಕಳೆಯಿತು. ಕೂಸಿಗೆ ಏನೂ ಆಗಲಿಲ್ಲ. ತಾತ ಕೈಮುಗಿದು, ಇಷ್ಟು ದಿನ ತೊಂದರೆ ಕೊಟ್ಟೆನಮ್ಮ, ಕ್ಷಮಿಸು, ಎಂದು ಹೇಳಿ ಫೋನ್ ಇಟ್ಟ.

ಮರುದಿನ ಎಂಟಕ್ಕೆ ಅವನು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ. ಎಂಟೂ ಹತ್ತಕ್ಕೆ ಫೋನ್ ಬಡಿದುಕೊಂಡಿತು.

"ಯಾಕೆ ಫೋನ್ ಮಾಡ್ಲಿಲ್ಲ?" ಎಂದಳು ಆ ತಾಯಿ. "ನಿಮ್ಮ ಲೆಕ್ಕ ಮುಗಿದಿರ್ಬೋದು. ಇಲ್ಲಿ ಇವ್ನು ಆಗ್ಲಿಂದ ಫೋನ್ ಹಿಡ್ಕೊಂಡು ರಂಪ ಮಾಡ್ತಿದ್ದಾನೆ. ತಗೊಳ್ಳಿ, ನೀವೇ ಸಂಭಾಳಿಸಿ."

ಕಾರ್ಖಾನೆಗೆ ಹೊರಟು ಹೊರಗೆ ಬಂದ ಸೊಸೆ, ಮಾವ ಫೋನನ್ನು ಕಿವಿಗೊತ್ತಿಕೊಂಡು ಅಳುತ್ತಿರುವುದನ್ನು ಕಂಡು ಗಾಬರಿಯಾಗಿ ಬಾಗಿಲಲ್ಲೇ ನಿಂತಳು. ಆ ಮಗುವಿಗೆ ಏನಾಯಿತು ಮಾವ ಎಂದಳು.

ತಾತ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದ.

"ಚೆನ್ನಾಗಿದ್ದಾನಮ್ಮ. ಏನೋ ಹೇಳ್ತಿದ್ದಾನೆ. ಮುಗಿಸ್ಲಿ, ತಡಿ."