ಬೆರಳಿನ ಪುಟದ ತಿದ್ದುಪಡಿ

ಬೆಳಗ್ಗೆ ಹತ್ತಕ್ಕೆ ನಿಘಂಟಿನ ಕರಡು ಹಿಡಿದು ಕೂತ ಗಂಡ ಹೆಂಡತಿ ಮಧ್ಯಾಹ್ನ ಮೂರಕ್ಕೆ ‘ಫಿಂಗರ್’ ಎಂಬ ಪದಕ್ಕೆ ಬಂದು ಮುಟ್ಟಿದರು. ಅದೊಂದಕ್ಕೇ ಇಡೀ ಪುಟ. ಇಂಗ್ಲಿಷಿನವರಿಗೆ ಬೆರಳಿನ ಮೇಲೆ ಅಷ್ಟೊಂದು ಮೋಹ ಯಾಕೋ ದೇವರೇ ಬಲ್ಲ. ದೂರುವುದಕ್ಕೂ ಬೆರಳು, ಹಾರೈಸುವುದಕ್ಕೂ ಬೆರಳು, ಗಂಡನನ್ನು ಕುಣಿಸುವುದಕ್ಕೂ ಕಿರುಬೆರಳು. ಇಷ್ಟೆಲ್ಲ ಆದ ಮೇಲೆ ಹೆಬ್ಬೆರಳು ಮಾತ್ರ ಬೆರಳೇ ಅಲ್ಲವಂತೆ. ಅದಕ್ಕೆ ‘ಟಿ’ ಅಕ್ಷರದಲ್ಲಿ ಬೇರೆಯೇ ಸಂಸಾರ. ‘ಟಿ’ ಬರುವ ಹೊತ್ತಿಗೆ ತನ್ನ ಗಂಟಲಲ್ಲಿ ದನಿ ಉಳಿದಿರುತ್ತದೋ ಇಲ್ಲವೋ ಎಂದು ಅವಳಿಗೆ ಅನ್ನಿಸಿತು.

ಅವಳ ಗಂಡ ಇಂಗ್ಲಿಷ್-ಕನ್ನಡ ನಿಘಂಟು ಮಾಡುವವರು. ಅಂಗಡಿಗೆ ಹೋದರೂ ಸಾಮಾನಿನ ಚೀಟಿಯನ್ನು ಅಕ್ಷರಕ್ರಮದಲ್ಲಿ ಬರೆದುಕೊಂಡು ಹೋಗುವ ಆಸಾಮಿಯಾದ್ದರಿಂದ ಅಚ್ಚುಮನೆಯವರು ಅಕಾರಾದಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮೊದಲು ಜೇಬಿನ ನಿಘಂಟು, ಆಮೇಲೆ ಶಾಲೆಯ ನಿಘಂಟು, ಈಗ ದೊಡ್ಡದು. ಮೂರಕ್ಕೂ ಕೆಲಸದ ರೀತಿ ಒಂದೇ. ಮೇಷ್ಟ್ರ ಕೈಬರಹದ ಹಾಳೆ ಅವಳ ಕೈಯಲ್ಲಿ, ಅಚ್ಚಾಗಿ ಬಂದ ಕರಡು ಅವರ ಮುಂದೆ. ಅವಳು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಗಟ್ಟಿಯಾಗಿ ಓದಬೇಕು. ಕರಡು ಅದಕ್ಕೆ ತಾಳೆಯಾಗದ ಕಡೆ ಅವರು ಅಚ್ಚಾದದ್ದನ್ನು ಹೊಡೆದು, ಅವಳು ಓದಿದ್ದನ್ನು ಅಂಚಿನಲ್ಲಿ ಬರೆಯಬೇಕು. ಓದುವವರಾಗಲಿ ತಿದ್ದುವವರಾಗಲಿ ಅರ್ಥದ ಗೊಡವೆಗೆ ಹೋಗಬಾರದು, ಹೋದರೆ ಕಣ್ಣು ತಪ್ಪುತ್ತದೆ ಎಂಬುದು ಮೇಷ್ಟ್ರು ಹಾಕಿಕೊಟ್ಟ ನಿಯಮ. ಇಪ್ಪತ್ತೆಂಟು ವರ್ಷ ಇಬ್ಬರೂ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಹೋದ ವಾರ ಗಂಟಲಿನ ಡಾಕ್ಟರು ಅವಳ ಬಾಯೊಳಗೆ ದೀಪ ಹಿಡಿದು ನೋಡಿ, ದನಿಯ ತಂತುವಿನಲ್ಲಿ ಗಂಟುಗಳಿವೆ ಎಂದರು. ಎರಡು ತಿಂಗಳು ಪಿಟ್ಟೆನ್ನಬಾರದು, ಗಟ್ಟಿಯಾಗಿ ಓದುವುದನ್ನಂತೂ ಬಿಟ್ಟೇ ಬಿಡಬೇಕು, ಇಲ್ಲವಾದರೆ ಮಾತೇ ಹೋದೀತು ಎಂದರು. ಮನೆಗೆ ಬಂದವಳು ಗಂಡನಿಗೆ ಹೇಳಿದಳು. ಮೇಷ್ಟ್ರು ಕನ್ನಡಕ ಒರೆಸುತ್ತಾ, “ಹೌದಾ? ಈ ಅಕ್ಷರ ಒಂದು ಮುಗೀಲಿ” ಎಂದರು. ಮಾರನೆಯ ದಿನ ಮತ್ತೆ ಹೇಳಿದಳು. “ಹೂಂ, ಹೂಂ” ಎಂದರು. ಮೂರನೆಯ ಸಲ ಹೇಳುವುದಕ್ಕೆ ಅವಳಿಗೇ ಬೇಸರವಾಯಿತು. ಗೋಡೆಗಾದರೆ ಹೇಳಿದ್ದು ತಿರುಗಿಯಾದರೂ ಕೇಳಿಸುತ್ತದೆ. ‘ಎಫ್’ ಆದ ಮೇಲೆ ಇನ್ನೂ ಇಪ್ಪತ್ತು ಅಕ್ಷರಗಳಿದ್ದವು.

ಬಿಸಿನೀರು ಗುಟುಕರಿಸಿ ಅವಳು ಮುಂದಕ್ಕೆ ಓದಿದಳು. ಬೆರಳು ಎತ್ತದಿರುವುದು, ಎಂದರೆ ಏನೂ ಕೆಲಸ ಮಾಡದಿರುವುದು. ಅದಕ್ಕೆ ಮೇಷ್ಟ್ರು ಬರೆದಿದ್ದ ಉದಾಹರಣೆ: ‘ನನ್ನ ಹೆಂಡತಿ ಇತ್ತ ಬಿದ್ದ ಕಡ್ಡಿಯನ್ನು ಅತ್ತ ಎತ್ತಿಡುವುದಿಲ್ಲ.’

ಬೇರೆ ದಿನವಾಗಿದ್ದರೆ ಓದಿ ಮುಂದೆ ಹೋಗುತ್ತಿದ್ದಳು. ಇವತ್ತು ಮೈ ಉರಿದುಹೋಯಿತು. ಬೇಕೆಂದು ಬರೆದದ್ದಲ್ಲ, ವಾಕ್ಯಕ್ಕೆ ಯಾರಾದರೊಬ್ಬರು ಬೇಕಿತ್ತು, ಕೈಗೆ ಸಿಕ್ಕಿದವಳು ಹೆಂಡತಿ ಎಂದು ಗೊತ್ತಿದ್ದರೂ ಉರಿಯಿತು. ಬಾಯಿ ತಾನಾಗಿಯೇ ಹೇಳಿತು: “ನನ್ನ ಗಂಡ ಇತ್ತ ಬಿದ್ದ ಕಡ್ಡಿಯನ್ನು ಅತ್ತ ಎತ್ತಿಡುವುದಿಲ್ಲ, ಪೂರ್ಣವಿರಾಮ.”

ಮೇಷ್ಟ್ರ ಪೆನ್ನು ‘ಹೆಂಡತಿ’ಯನ್ನು ಹೊಡೆದು ಹಾಕಿ, ಅಂಚಿನಲ್ಲಿ ‘ಗಂಡ’ ಎಂದು ಗುಂಡಾಗಿ ಬರೆದು, ಮುಂದಿನ ಸಾಲಿಗೆ ಕಾಯುತ್ತಾ ನಿಂತಿತು. ಅವಳು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದಳು. ಅವರ ಮುಖದಲ್ಲಿ ಏನೂ ಇಲ್ಲ.

ಮುಂದಿನದು ಮೂಳೆ ಕಾಣುವವರೆಗೂ ಬೆರಳು ಸವೆಸಿ ದುಡಿಯುವುದು. ಹಾಳೆಯಲ್ಲಿ ಇದ್ದದ್ದು ‘ಕಾರ್ಮಿಕರು ಹಗಲಿರುಳು ದುಡಿದರು’ ಎಂದು. ಅವಳು ಓದಿದಳು: “ಅವಳು ಇಪ್ಪತ್ತೆಂಟು ವರ್ಷ ಗಂಟಲು ಹರಿದುಕೊಂಡು ಓದಿದಳು, ಅಲ್ಪವಿರಾಮ, ಒಂದು ಪುಸ್ತಕದ ಮೇಲೂ ಅವಳ ಹೆಸರಿಲ್ಲ, ಪೂರ್ಣವಿರಾಮ.”

“ನಿಧಾನ, ನಿಧಾನ,” ಎಂದರು ಮೇಷ್ಟ್ರು. “ಇಡೀ ವಾಕ್ಯನೇ ಬದಲಾಯಿಸಿಬಿಟ್ಟಿದ್ದಾರೆ ಅಚ್ಚುಮನೆ ಕತ್ತೆಗಳು. ‘ಹೆಸರಿಲ್ಲ’ ಒಂದೇ ಪದನಾ, ಬಿಡಿಸಿದೆಯಾ?”

“ಒಂದೇ.”

ಬರೆದರು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು, ಎರಡನ್ನೂ ಒಟ್ಟಿಗೆ ನುಂಗಿಕೊಂಡಳು. ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವುದು ಎಂಬ ನುಡಿಗಟ್ಟಿಗೆ, “ಡಾಕ್ಟರು ಅವಳ ಗಂಟಲಿನ ಗಂಟನ್ನು ನೋಡಿದ ಕೂಡಲೇ ಗುರುತಿಸಿದರು, ಅಲ್ಪವಿರಾಮ, ಗಂಡನಿಗೆ ಮೂರು ಸಲ ಹೇಳಬೇಕಾಯಿತು” ಎಂದಳು. ಎರಡೇ ಸಲ ಹೇಳಿದ್ದು. ಇದೇ ಮೂರನೆಯದು ಎಂದು ಲೆಕ್ಕ ಹಿಡಿದಳು. ಬೆರಳ ಸಂದಿಯಿಂದ ಜಾರುವುದು ಎಂಬುದಕ್ಕೆ, “‘ಎಫ್’ ಮುಗಿಯುವ ಹೊತ್ತಿಗೆ ಅವಳ ದನಿ ಕೈಜಾರಿ ಹೋಗಿತ್ತು” ಎಂದಳು. ಎಲ್ಲವೂ ಮೇಷ್ಟ್ರ ಮುತ್ತಿನಂಥ ಅಕ್ಷರದಲ್ಲಿ ಅಂಚಿಗೆ ಬಂದು ಕೂತವು. ಅವಳ ದನಿ ಒಡೆದು ಬರೀ ಗಾಳಿಯಾಗುತ್ತಿತ್ತು. ಅವರು ಕಿವಿಯನ್ನು ಇನ್ನಷ್ಟು ಹತ್ತಿರ ತಂದರೇ ಹೊರತು ತಲೆ ಎತ್ತಲಿಲ್ಲ.

ಪುಟ ಮುಗಿಯಿತು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ, “ಅಚ್ಚುಮನೆಯವರು ಕಣ್ಣು ಮುಚ್ಕೊಂಡು ಜೋಡಿಸಿದ್ದಾರೆ,” ಎಂದರು. “ಆದ್ರೆ ಉದಾಹರಣೆಗಳು ಮಾತ್ರ ಚೆನ್ನಾಗಿ ಬಂದಿವೆ. ಯಾವಾಗ ಬರೆದೆನೋ ನನಗೇ ನೆನಪಿಲ್ಲ ನೋಡು. ಹೂಂ, ಮುಂದೆ. ‘ಫೈರ್’.”

ಅವಳು ಹಾಳೆಯ ಕಟ್ಟನ್ನು ಮಡಿಲಲ್ಲಿ ಕವುಚಿ ಹಾಕಿದಳು. “ರೀ, ನನ್ನ ಕೈಲಿ ಇನ್ನು ಆಗಲ್ಲ. ನಾನು ಓದಲ್ಲ.”

ಮೇಷ್ಟ್ರು ಪೆನ್ನು ಎತ್ತಿದರು. “ಇದು ಯಾವ ಪದದ ಕೆಳಗೆ ಬರುತ್ತೆ?”

“ಯಾವ ಪದದ ಕೆಳಗೂ ಅಲ್ಲ. ನಿಮಗೇ ಹೇಳಿದ್ದು. ಇಷ್ಟು ಹೊತ್ತು ಹೇಳಿದ್ದೂ ನಿಮಗೇ. ನೀವೇ ಬರ್ಕೊಂಡಿದ್ದೀರಲ್ಲ, ಓದ್ಕೊಳ್ಳಿ.”

ಅವರು ಕರಡನ್ನು ಹತ್ತಿರಕ್ಕೆ ಎಳೆದುಕೊಂಡರು. ತಮ್ಮ ಕೈಬರಹವನ್ನು ತಾವೇ ಮೇಲಿಂದ ಕೆಳಕ್ಕೆ ಓದಿದರು, ಮತ್ತೆ ಮೇಲಕ್ಕೆ ಹೋದರು. ಕಿವಿಯ ತುದಿ ಕೆಂಪಾಯಿತು. ‘ಅವಳ ಹೆಸರಿಲ್ಲ’ ಎಂಬಲ್ಲಿ ಬಹಳ ಹೊತ್ತು ನಿಂತರು.

“ಇದನ್ನೆಲ್ಲ ಹೊಡೆದು ಹಾಕ್ಬೇಕಾ?” ಎಂದು ಕೇಳಿದರು, ಚಿಕ್ಕ ದನಿಯಲ್ಲಿ.

“ನಿಘಂಟು ನಿಮ್ಮದು.”

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಸಂಜೆ ಐದಕ್ಕೆ ಅಚ್ಚುಮನೆಗೆ ಹೋಗಬೇಕಾದ ಕಟ್ಟಿನ ಮೇಲೆ ಆ ಪುಟವನ್ನು ಇದ್ದ ಹಾಗೆಯೇ ಇಟ್ಟರು. ‘ಸಾರಿ’ ಅನ್ನಲಿಲ್ಲ. ಆ ಪದ ‘ಎಸ್’ನಲ್ಲಿ ಬರುತ್ತದೆ, ಇನ್ನೂ ದೂರವಿದೆ. ಆಮೇಲೆ ಏನು ಮಾಡಬೇಕೆಂದು ತೋಚದವರಂತೆ ಎದ್ದು, ಅವಳ ಮಡಿಲಿನಿಂದ ಹಾಳೆಗಳನ್ನು ತೆಗೆದುಕೊಂಡು, ‘ಫೈರ್’ ಎಂದು ತಾವೇ ಗಟ್ಟಿಯಾಗಿ ಓದತೊಡಗಿದರು. ಕರಡು ಹಿಡಿದು ನೋಡುವವರು ಯಾರೂ ಇರಲಿಲ್ಲ. ಅವಳು ಪೆನ್ನು ಮುಟ್ಟಲಿಲ್ಲ. ಆದರೂ ಓದಿದರು. ಅಲ್ಪವಿರಾಮ, ಅರ್ಧವಿರಾಮ, ಓರೆ ಅಕ್ಷರ, ದಪ್ಪ ಅಕ್ಷರ. ಹತ್ತು ಸಾಲು ದಾಟುವಷ್ಟರಲ್ಲಿ ಗಂಟಲು ಕಟ್ಟಿತು. ಕೆಮ್ಮಿದರು, ಮತ್ತೆ ಶುರು ಮಾಡಿದರು, ಮತ್ತೆ ಕೆಮ್ಮಿದರು.

“ಇಷ್ಟು ವರ್ಷ ಇದನ್ನ ಹೇಗೆ ಓದಿದೆ ನೀನು?” ಎಂದರು.

ಇಪ್ಪತ್ತೆಂಟು ವರ್ಷದಲ್ಲಿ ಈ ಮೇಜಿನ ಮುಂದೆ ಅವರು ಕರಡಿನ ಬಗ್ಗೆ ಅಲ್ಲದೆ ಅವಳ ಬಗ್ಗೆ ಒಂದು ಪ್ರಶ್ನೆ ಕೇಳಿದ್ದು ಇದೇ ಮೊದಲು. ಅವಳಿಗೆ ಹೇಳಿಬಿಡಬೇಕು ಅನ್ನಿಸಿತು. ಆದರೆ ಬಹಳ ದಣಿವಾಗಿತ್ತು, ಗಂಟಲಲ್ಲಿ ಉಳಿದ ದನಿಯೂ ಬೆರಳೆಣಿಕೆಯಷ್ಟೇ ಮಾತಿಗೆ ಸಾಕಾಗುವಷ್ಟಿತ್ತು. ಕುರ್ಚಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

“ಇನ್ನರ್ಧ ಪುಟ ಓದಿ,” ಎಂದಳು. “ಗೊತ್ತಾಗುತ್ತೆ.”