ದೋಣಿಯ ಮುಂದಿನ ನೀರು

ನಂದಿತಾಳನ್ನು ಒಂದು ಅನುಮಾನ ಬಹಳ ದಿನದಿಂದ ಕೊರೆಯುತ್ತಿತ್ತು. ಡೈರಿಯಲ್ಲಿ ಬರೆದುಕೊಳ್ಳುವುದಕ್ಕೂ ನಾಚಿಕೆಯಾಗುವಂಥದ್ದು. ತಾನು ತೆಗೆಯುವ ಫೋಟೋಗಳಲ್ಲೆಲ್ಲ ಮುಖ್ಯವಾದದ್ದು ಅಂಚಿಗೆ ಹೋಗಿಬಿಡುತ್ತದಲ್ಲ, ಅದು ತನ್ನ ಕಣ್ಣು ಆರಿಸಿದ್ದೋ, ಇಲ್ಲಾ ಮದುವೆಮನೆಯಲ್ಲಿ ಕಂಬದ ಮರೆಗೆ ಸರಿದು ನಿಲ್ಲುವ ಸ್ವಭಾವವೇ ಕ್ಯಾಮೆರಾದೊಳಕ್ಕೂ ನುಸುಳಿದೆಯೋ? ಮೊದಲನೆಯದಾದರೆ ಸರಿ. ಎರಡನೆಯದಾದರೆ ಮಾವ ಆಡಿಕೊಳ್ಳುವುದೇ ನಿಜವಾದಂತೆ.

ಮಾವ ಎಂದರೆ ಅವಳ ತಾಯಿಯ ತಮ್ಮ ಸೋಮಶೇಖರ್. ನಂಜನಗೂಡಿನ ಪೇಟೆಯಲ್ಲಿ ಅವರ ಸ್ಟುಡಿಯೋ ಇತ್ತು. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ಅಕ್ಕನ ಮಗಳನ್ನು ಆಲ್ಬಂ ಅಂಟಿಸಲು, ಲೈಟು ಹಿಡಿಯಲು, ಗಿರಾಕಿಗಳ ಕಾಲರ್ ಸರಿಮಾಡಲು ಕರೆದುಕೊಂಡಿದ್ದರು. ಪಾಸ್‌ಪೋರ್ಟ್ ಸೈಜಿನಿಂದ ಹಿಡಿದು ಹಾರ ಹಾಕಿ ಗೋಡೆಗೆ ತೂಗುವ ಫೋಟೋವರೆಗೆ ಅವರದು ಒಂದೇ ಶಾಸ್ತ್ರ: ಆಸಾಮಿ ನಟ್ಟನಡುವೆ ಇರಬೇಕು, ಎರಡೂ ಪಕ್ಕದ ಜಾಗ ಸಮ ಇರಬೇಕು. ಸ್ಕೇಲಿಟ್ಟು ಅಳೆದು, ಹೆಚ್ಚಿಗೆ ಇದ್ದದ್ದನ್ನು ಮುಲಾಜಿಲ್ಲದೆ ಕತ್ತರಿಸುತ್ತಿದ್ದರು.

ಎರಡು ಸಾವಿರದ ನಾಲ್ಕರ ಆಷಾಢದಲ್ಲಿ ಸ್ಟುಡಿಯೋದ ಹಿಂಪರದೆ ಕೈಕೊಟ್ಟಿತು. ನೀಲಿ ಕೆರೆ, ಅದರ ಮೇಲೊಂದು ಹಾಯಿದೋಣಿ; ತಾತನ ಕಾಲದಲ್ಲಿ ಬರೆಸಿದ್ದು. ಬಣ್ಣ ಎದ್ದೆದ್ದು ಉದುರಿ ದೋಣಿಗೆ ಸಿಡುಬು ಬಂದಂತಾಗಿತ್ತು. ಈಗ ಮೈಸೂರಿನಲ್ಲಿ ಗೋಡೆಯಗಲದ ಫ್ಲೆಕ್ಸ್ ಮಾಡಿಕೊಡುತ್ತಾರೆ, ಬರೆದ ದೋಣಿಯ ಬದಲು ನಿಜವಾದ ದೋಣಿಯನ್ನೇ ಹಾಕಿಸೋಣ ಎಂದು ಮಾವ ತೀರ್ಮಾನಿಸಿದರು. ಹೊರಗಡೆಯ ಫೋಟೋ ತೆಗೆಯುವ ರಘು ಜ್ವರ ಬಂದು ಮಲಗಿದ್ದರಿಂದ ಕ್ಯಾಮೆರಾ ನಂದಿತಾಳ ಕೈಗೆ ಬಂತು.

ಟಿ. ನರಸೀಪುರದ ಬಸ್ಸಿನಲ್ಲಿ ಕೂತು ಅವಳು ಲೆಕ್ಕ ಹಾಕಿದಳು. ಇದು ಗೋಡೆಗೆ ತೂಗುಹಾಕಿ ನೋಡುವ ಚಿತ್ರವಲ್ಲ. ಇದರ ಮುಂದೆ ದಿನಬೆಳಗಾದರೆ ಯಾರಾದರೂ ಬಂದು ನಿಲ್ಲುತ್ತಾರೆ, ಅದೂ ನಡುಮಧ್ಯದಲ್ಲಿ. ಹಾಗಾದರೆ ಮಧ್ಯ ಖಾಲಿ ಇರಬೇಕು. ದೋಣಿ ಎಡಕ್ಕೆ, ಅದರ ಮುಂದೆ ಅಗಲವಾಗಿ ನೀರು. ಈ ಒಂದು ಚಿತ್ರ ಗೆದ್ದರೆ ಕ್ಯಾಮೆರಾ ತನ್ನ ಕೈಯಲ್ಲೇ ಉಳಿದೀತು. ಗೆಲ್ಲಿಸದೆ ವಾಪಸ್ ಬರುವುದಿಲ್ಲ ಎಂದುಕೊಂಡಳು.

ನರಸೀಪುರದ ನದಿ ಸಂಗಮದಲ್ಲಿ ಉಳಿದ ಅಂಬಿಗರೆಲ್ಲ ಹುಟ್ಟು ಹಾಕಿ ದೋಣಿ ನಡೆಸಿದರೆ, ದೊಡ್ಡಸಿದ್ದಯ್ಯನೊಬ್ಬ ಆಷಾಢದ ಗಾಳಿ ಎದ್ದಾಗ ಹಳೇ ಪಂಚೆಗಳನ್ನು ಜೋಡಿಸಿ ಹೊಲಿದ ಹಾಯಿ ಕಟ್ಟುತ್ತಿದ್ದ. ನಂದಿತಾ ಮರಳಿನಲ್ಲಿ ನಿಂತು ಕ್ಯಾಮೆರಾದೊಳಗೆ ನೋಡಿದಳು. ಮಧ್ಯ ಎಷ್ಟು ಜಾಗ ಬಿಡಬೇಕು? ಅಲ್ಲಿದ್ದ ಹೆಂಗಸರನ್ನು ಒಂದು ಗಳಿಗೆ ಎದುರಿಗೆ ನಿಲ್ಲಿ ಎಂದು ಕೇಳಲು ಬಾಯಿ ಬರಲಿಲ್ಲ. ತನ್ನ ಛತ್ರಿಯನ್ನೇ ಮರಳಿಗೆ ನೆಟ್ಟು, ಬಿಡಿಸಿ, ಅದನ್ನೇ ಗಿರಾಕಿ ಮಾಡಿಕೊಂಡಳು. ಹಿಂದೆ ಸರಿದಳು, ಕೂತಳು, ಮತ್ತೆ ಎದ್ದಳು. ದೊಡ್ಡಸಿದ್ದಯ್ಯ ದಡ ಸೇರಿಸುತ್ತಾ ಇದನ್ನೇ ನೋಡುತ್ತಿದ್ದ.

“ಏನವ್ವಾ, ಅಷ್ಟು ದೂರದಿಂದ ಬಂದು ಛತ್ರಿ ಪಟ ತೆಗೀತಿದ್ದೀಯಲ್ಲ? ನಿಮ್ಮೂರಲ್ಲಿ ಛತ್ರಿ ಇಲ್ವಾ?”

ದೋಣಿಯಲ್ಲಿದ್ದವರೆಲ್ಲ ನಕ್ಕರು. ನಂದಿತಾಳ ಕಿವಿ ಬಿಸಿಯಾಯಿತು, ಆದರೆ ಜಾಗ ಬಿಟ್ಟು ಕದಲಲಿಲ್ಲ. ದೋಣಿ ಹೋಗಿ ಬರುವವರೆಗೆ ಕಾದಳು. ಹಾಯಿ ಚೌಕಟ್ಟಿನ ನಡುವೆ ಬಂದಾಗ ಕ್ಲಿಕ್ ಮಾಡದೆ ಬಿಟ್ಟಳು. ಗಾಳಿ ಬಿದ್ದು ಹಾಯಿ ಜೋತಾಗಲೂ ಬಿಟ್ಟಳು. ಮಧ್ಯಾಹ್ನ ಇಳಿಯುತ್ತಿದ್ದಂತೆ ಗಾಳಿ ಮತ್ತೆ ಎದ್ದು, ತುಂಬಿದ ಹಾಯಿ ಎಡದಂಚಿನಿಂದ ಒಳಗೆ ಇಣುಕಿತು. ಅದರ ಮುಂದೆ ಬಿಸಿಲು ಬಿದ್ದ ಬರೀ ನೀರು. ಛತ್ರಿ ಕಿತ್ತೆಸೆದು ಒತ್ತಿದಳು.

ಪ್ರಿಂಟ್ ಬಂದಾಗ ಮಾವ ಕಿಟಕಿಯ ಬೆಳಕಿಗೆ ಹಿಡಿದು, ಹಾಯಿ ಬಹಳ ಚೆನ್ನಾಗಿ ಬಂದಿದೆ ಎಂದು ಮೆಚ್ಚಿದರು. ಆಮೇಲೆ ಸ್ಕೇಲ್ ತೆಗೆದುಕೊಂಡರು.

“ಪಾಪ, ದೋಣೀನ ಮೂಲೆಗೆ ತಳ್ಳಿಬಿಟ್ಟಿದ್ದೀಯಲ್ಲಮ್ಮ, ನಿನ್ನ ಥರಾನೇ,” ಎನ್ನುತ್ತಾ ಕೆಂಪು ಸ್ಕೆಚ್ ಪೆನ್ನಿನಿಂದ ದೋಣಿಯ ಸುತ್ತ ಚೌಕ ಎಳೆದರು. ಎರಡೂ ಕಡೆ ಸಮ. ಮುಂದಿನ ನೀರೆಲ್ಲ ಚೌಕದಾಚೆ ಉಳಿಯಿತು.

ಅದರ ಮುಂದೆ ಮನುಷ್ಯ ನಿಂತರೆ ಏನಾಗುತ್ತದೆಂದು ನಂದಿತಾಳಿಗೆ ಆಗಲೇ ಕಂಡಿತು. ಬಾಯಿ ತೆರೆದಳು. ಹೊರಟ ಮಾತು ಮಾತ್ರ, ಟೀ ತರಿಸಲಾ ಮಾವ ಎಂಬುದು. ತರಿಸು ಎಂದರು.

ಫ್ಲೆಕ್ಸ್ ಬಂದು ಗೋಡೆಗೇರಿತು. ಮೊದಲ ಗಿರಾಕಿ ದೇವನೂರಿನ ಪುಟ್ಟಗೌರಮ್ಮನ ಮೊಮ್ಮಗ. ಹೆಣ್ಣಿನ ಕಡೆಯವರಿಗೆ ಕಳಿಸಲು ಒಂದು ಫೋಟೋ ಬೇಕಿತ್ತು. ಮಾವ ಹುಡುಗನ ಗದ್ದ ಎತ್ತಿಸಿದರು, ಭುಜ ಇಳಿಸಿದರು. ಅವರ ಕಣ್ಣೆಲ್ಲ ಮುಖದ ಮೇಲೆಯೇ. ಹಿಂದೆ ಏನಿದೆಯೆಂದು ನೋಡುವ ರೂಢಿ ಎಂದೂ ಇರಲಿಲ್ಲ. ಹಿಂದಿನದನ್ನು ನೋಡಿಯೂ ನಂದಿತಾ ಮಾವ ಹೇಳಿದ ಕಡೆಗೇ ಲೈಟು ತಿರುಗಿಸಿದಳು.

ಫೋಟೋ ಒಯ್ಯಲು ಅಜ್ಜಿ ಮೊಮ್ಮಗ ಇಬ್ಬರೂ ಬಂದರು. ಪುಟ್ಟಗೌರಮ್ಮ ಲಕೋಟೆ ಬಿಚ್ಚಿ, ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಇದೇನ್ಲಾ ಸೋಮಣ್ಣ, ನನ್ ಮೊಮ್ಮಗನ ನೆತ್ತಿ ಮ್ಯಾಲೆ ಕಂಬ ನೆಟ್ಟಿದ್ದೀಯ? ಎರಡೂ ಕಡೀಕೆ ಮೊರದಗಲ ಕಿವಿ ಬೇರೆ. ಎಣ್ಣಿನ ಮನೆಯೋರು ಇದ ನೋಡಿ, ಗಂಡು ಕೇಳುದ್ರೆ ಆನೆ ಕಳಿಸವ್ರೆ ಅನ್ನಕಿಲ್ವಾ?”

ಹುಡುಗ ಇಣುಕಿ ನೋಡಿ ತಾನೇ ನಕ್ಕುಬಿಟ್ಟ. ಮಾವ ನಗಲಿಲ್ಲ. ಫೋಟೋ ನೋಡಿದರು, ಪರದೆ ನೋಡಿದರು. ನಿಜವಾಗಿಯೂ ದೋಣಿಯ ಕಂಬ ಹುಡುಗನ ತಲೆಯಿಂದಲೇ ಮೊಳೆತಂತಿತ್ತು. ಬಿಚ್ಚಿದ ಹಾಯಿ ಅತ್ತ ಇತ್ತ ಹರಡಿಕೊಂಡಿತ್ತು. ದುಡ್ಡು ಬೇಡ, ಬೇರೆ ತೆಗೆದುಕೊಡುತ್ತೇನೆ ಎಂದು ಪುಟ್ಟಗೌರಮ್ಮನಿಗೆ ಹೇಳಿ ಅವರು ನಂದಿತಾಳ ಕಡೆ ತಿರುಗಿದರು. ತಪ್ಪು ತನ್ನದೇ ಎಂದರು. ಅವಳು ಕಣ್ಣು ಬಿಡುವಷ್ಟರಲ್ಲಿ ಮಾತು ಮುಂದುವರಿದಿತ್ತು: ಅನುಭವವಿಲ್ಲದವಳ ಕೈಗೆ ಕ್ಯಾಮೆರಾ ಕೊಟ್ಟದ್ದೇ ಆ ತಪ್ಪು.

“ನಾಳೆ ರಘು ನರಸೀಪುರಕ್ಕೆ ಹೋಗ್ಲಿ. ಕ್ಯಾಮೆರಾ ಇತ್ಲಾಗೆ ಕೊಡು. ನೀನು ಆಲ್ಬಂ ನೋಡ್ಕೊಂಡ್ರೆ ಸಾಕಮ್ಮ.”

ಅವರು ಚಾಚಿದ ಕೈ ಚಾಚಿದಂತೆಯೇ ಇತ್ತು. ನಂದಿತಾ ಅಂದಿನಿಂದ ತನ್ನ ಬಳಿಯೇ ಇದ್ದ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಈ ಸಲ ಟೀ ನೆನಪಾಗಲಿಲ್ಲ. ಪುಟ್ಟಗೌರಮ್ಮ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತರು.

“ದೋಣಿಯನ್ನ ಪಕ್ಕಕ್ಕಿಟ್ಟಿದ್ದು ಬೇಕಂತಲೇ,” ಎಂದಳು. “ಜನ ನಿಲ್ಲಲಿ ಅಂತಲೇ ಮಧ್ಯ ನೀರು ಬಿಟ್ಟಿದ್ದೆ. ನನ್ನ ಫೋಟೋ ಸರಿಯಾಗಿತ್ತು ಮಾವ. ಕತ್ತರಿಸಿದ್ದು ನೀವು.”