ದುರುಪಯೋಗವಲ್ಲ, ತಪ್ಪೂ ಅಲ್ಲ

ನೂಲಿನ ಗಿರಣಿಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪತ್ರಗಳನ್ನು ಟೈಪು ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಟೈಪಿಸ್ಟಕ್ಕ ಎನ್ನುತ್ತಿದ್ದರು. ಸಾಹೇಬರು ಬರೆದುಕೊಟ್ಟದ್ದನ್ನು ಕಣ್ಣು ಮುಚ್ಚಿಕೊಂಡು ಬಡಿಯುವುದು ಆಕೆಯ ಜಾಯಮಾನವಲ್ಲ. ಕಾಗುಣಿತ ತಪ್ಪಿದ್ದರೆ ತಾನೇ ತಿದ್ದುತ್ತಿದ್ದಳು, ಅರ್ಥ ತಪ್ಪಿದ್ದರೆ ಎದ್ದು ಹೋಗಿ ಕೇಳುತ್ತಿದ್ದಳು.

ಆ ಸೋಮವಾರ ಮ್ಯಾನೇಜರು ಆಕೆಯ ಮೇಜಿನ ಮೇಲೆ ಒಂದು ಹಾಳೆ ಎಸೆದು ಹೋದರು. ‘ಸಾಮಾನಿನ ಲಿಫ್ಟನ್ನು ದುರುಪಯೋಗಪಡಿಸಿಕೊಂಡ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?’ ಎಂದು ಲಿಫ್ಟಿನವನಿಗೆ ಬರೆದ ನೋಟಿಸು ಅದು.

ಓದುತ್ತಲೇ ಆಕೆಯ ಮೈ ಉರಿದುಹೋಯಿತು. ಶನಿವಾರ ನಡೆದದ್ದು ಇಡೀ ಗಿರಣಿಗೆ ಗೊತ್ತಿತ್ತು. ಮೂರನೇ ಮಹಡಿಯಲ್ಲಿ ನೂಲು ಸುತ್ತುತ್ತಿದ್ದ ತುಂಬು ಬಸುರಿಯೊಬ್ಬಳು ರಕ್ತ ಸುರಿಸಿಕೊಂಡು ಕುಸಿದಿದ್ದಳು. ಜನ ಓಡಾಡುವ ಲಿಫ್ಟು ಕೆಟ್ಟು ತಿಂಗಳಾಗಿತ್ತು. ಲಿಫ್ಟಿನವನು ಹಿಂದೆಮುಂದೆ ನೋಡದೆ ಮೂಟೆಗಳನ್ನು ಹೊರಗೆ ತಳ್ಳಿ, ಅವಳನ್ನು ಮಲಗಿಸಿಕೊಂಡು ಕೆಳಗಿಳಿಸಿದ್ದ. ತಾಯಿ ಮಗು ಇಬ್ಬರೂ ಉಳಿದುಕೊಂಡಿದ್ದರು.

ಹಾಳೆ ಹಿಡಿದು ಆಕೆ ಸೀದಾ ಮ್ಯಾನೇಜರ ಕೋಣೆಗೆ ಹೋದಳು.

“ಸಾರ್, ದುರುಪಯೋಗ ಅನ್ನೋ ಪದ ಇಲ್ಲಿಗೆ ಹೊಂದಲ್ಲ.”

“ಯಾಕಮ್ಮಾ?”

“ಅದರ ತಲೇಲೇ ಕೆಟ್ಟ ಬುದ್ಧಿ ಕೂತಿದೆ ಸಾರ್. ದುರಾಸೆ, ದುರುದ್ದೇಶ ಎಲ್ಲಾ ಅದರ ಒಡಹುಟ್ಟಿದವು. ಗಿರಣಿ ಕಾರಲ್ಲಿ ನೆಂಟರನ್ನ ಮದುವೆಗೆ ಕಳಿಸಿದ್ರೆ ಅದು ದುರುಪಯೋಗ.”

ಮ್ಯಾನೇಜರ ಮುಖ ಕೆಂಪಗಾಯಿತು. ಹೋದ ತಿಂಗಳು ಆ ಕಾರು ಯಾರ ನೆಂಟರನ್ನು ಹೊತ್ತಿತ್ತೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಮತ್ತೆ ಏನು ಹಾಕ್ಬೇಕಂತೆ?”

“ತಪ್ಪು ಬಳಕೆ ಅನ್ನಿ, ಬೇಕಾದ್ರೆ. ನಿಯಮದ ಪುಸ್ತಕದಲ್ಲಿ ಅದಕ್ಕೆ ಬರೀ ಎಚ್ಚರಿಕೆ ಪತ್ರ. ಕೆಲಸ ಹೋಗಲ್ಲ.”

“ಎರಡೂ ಒಂದೇ ಕಣಮ್ಮಾ. ಸುಮ್ನೆ ಟೈಪ್ ಮಾಡಿ.”

“ಒಂದೇ ಆದ್ರೆ ಎರಡನೇದೇ ಹಾಕ್ತೀನಿ ಬಿಡಿ.”

ಕಾರಿನ ಮಾತು ಬೆಳೆಯುವುದು ಬೇಡವೆಂದೋ ಏನೋ, ಮ್ಯಾನೇಜರು ಗೊಣಗುತ್ತಲೇ ಎಚ್ಚರಿಕೆ ಪತ್ರಕ್ಕೆ ರುಜು ಹಾಕಿದರು. ಗೆದ್ದೆನೆಂಬ ಹಿಗ್ಗಿನಲ್ಲಿ ಆಕೆ ಅದನ್ನು ತಾನೇ ಲಿಫ್ಟಿನವನಿಗೆ ಒಯ್ದು ಕೊಟ್ಟಳು. ಅವನು ಒಮ್ಮೆ ಓದಿದ, ಮತ್ತೊಮ್ಮೆ ಓದಿದ.

“ನಾನೇನು ತಪ್ಪು ಮಾಡ್ದೆ ಅಕ್ಕಾ?”

“ಕೆಲಸ ಉಳೀತಲ್ಲಪ್ಪಾ.”

“ಅವ್ರು ಅಂದ್ರೆ ಅನ್ಲಿ, ನೀವೂ ತಪ್ಪು ಅಂತೀರಾ? ಅವಳನ್ನ ನೆಲದ ಮೇಲೆ ಬಿಟ್ಟು ಮೂಟೆ ಇಳಿಸಬೇಕಿತ್ತಾ? ಆ ಲಿಫ್ಟು ನೆಟ್ಟಗೆ ಬಳಕೆಯಾಗಿದ್ದೇ ಅದೊಂದು ಸಲ. ಇದನ್ನ ಒಪ್ಪಿಕೊಂಡೆ ಅಂತ ನಾನು ರುಜು ಹಾಕಲ್ಲ.”

ಕೆನ್ನೆಗೆ ಬಾರಿಸಿದಂತಾಯಿತು ಆಕೆಗೆ. ದೊಡ್ಡ ಸುಳ್ಳನ್ನು ಸಣ್ಣದು ಮಾಡಿ, ಅದನ್ನೇ ನ್ಯಾಯ ಎಂದುಕೊಂಡುಬಿಟ್ಟಿದ್ದಳು. ಪತ್ರ ಕಿತ್ತುಕೊಂಡು ಮತ್ತೆ ಮೆಟ್ಟಿಲು ಹತ್ತಿದಳು. ಸುದ್ದಿ ಹೇಗೆ ಹಬ್ಬಿತೋ, ನೂಲು ಸುತ್ತುವ ಹೆಂಗಸರೆಲ್ಲ ಆಕೆಯ ಹಿಂದೆಯೇ ಬಂದು ಬಾಗಿಲ ಬಳಿ ನಿಂತರು.

“ಸಾರ್, ನಾನು ಕೊಟ್ಟ ಪದವೂ ಸುಳ್ಳು. ವಾಪಸ್ ತಗೊಂಡಿದೀನಿ.”

“ನಿಮಗೂ ಒಂದು ನೋಟಿಸ್ ಕೊಡ್ತೀನಿ!”

“ಕೊಡಿ. ಯಾರ ಕೈಲಿ ಟೈಪ್ ಮಾಡಿಸ್ತೀರಿ?”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಮ್ಯಾನೇಜರು ಪತ್ರವನ್ನು ಡ್ರಾಯರಿಗೆ ತುರುಕಿ, “ಹೋಗಿ, ಕೆಲಸ ನೋಡ್ಕೊಳ್ಳಿ” ಎಂದು ಕಿರುಚಿದರು. ಅದು ಮತ್ತೆ ಹೊರಗೆ ಬರಲಿಲ್ಲ. ಲಿಫ್ಟಿನವನ ಕ್ಷಮೆಯನ್ನಂತೂ ಯಾರೂ ಕೇಳಲಿಲ್ಲ. ಹದಿನೈದು ದಿನ ಕಳೆಯುವುದರೊಳಗೆ ಟೈಪಿಸ್ಟಕ್ಕನನ್ನು ಗೋದಾಮಿನ ಕತ್ತಲ ಮೂಲೆಗೆ ಹಾಕಿದರು. ಅಲ್ಲಿಯೂ ಆಕೆಯ ಸಿಟ್ಟು ಇಳಿಯಲಿಲ್ಲ. ಅದರಲ್ಲಿ ಅರ್ಧ ಮ್ಯಾನೇಜರ ಮೇಲಿತ್ತು, ಇನ್ನರ್ಧ ತನ್ನ ಮೇಲೆಯೇ.